ಗುಟ್ಟಿನ ಪ್ರಶ್ನೆ

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂಬುದು ನಮ್ಮ ಬಳಗಕ್ಕೆಲ್ಲ ತಿಳಿದ ಸಂಗತಿ. ಅಂಥ ನನ್ನನ್ನೇ ಹುಡುಕಿಕೊಂಡು ಅಣ್ಣನ ಮಗಳು ಹೋದ ತಿಂಗಳು ತಾಯಿಯೊಡನೆ ಭೋರಿಗೆ ಬಂದಳು. ಪುಣೆಯಲ್ಲಿ ಎಂಟು ವರ್ಷ ದಾದಿಯಾಗಿ ದುಡಿದವಳು; ಈಗ ಪರದೇಶದ ವೈದ್ಯಸೇವಾ ಸಂಸ್ಥೆಯೊಂದನ್ನು ಸೇರಿ ದಕ್ಷಿಣ ಸುಡಾನಕ್ಕೆ ಹೊರಟಿದ್ದಾಳೆ.

ಚಹ ಮುಗಿಯುತ್ತಲೇ ಒಂದು ಕಾಗದ ತೆಗೆದಳು.

"ಕಾಕಾ, ಬ್ಯಾರೆ ಯಾರಿಗೂ ಉತ್ತರ ಗೊತ್ತಿರದ ಒಂದು ಪ್ರಶ್ನೆ ಬೇಕಾಗೇದ. ನೀವ ಹೇಳ್ರಿ."

ಇದೇನು ಒಗಟೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನಾಳೆ ಅವಳನ್ನು ಯಾರಾದರೂ ಅಪಹರಿಸಿ, 'ನಿಮ್ಮವಳು ನಮ್ಮಲ್ಲಿದ್ದಾಳೆ' ಎಂದು ಹೇಳಿ ಕಳಿಸಿದರೆ, ಸಂಸ್ಥೆಯವರು ಈ ಪ್ರಶ್ನೆ ಕೇಳುತ್ತಾರಂತೆ. ಸರಿಯಾದ ಉತ್ತರ ಬಂದರೆ ಅವಳು ಜೀವದಿಂದ ಇದ್ದಾಳೆಂದು ತಿಳಿಯಬೇಕು. ನಾನು ಕತ್ತರಿಸುತ್ತಿದ್ದ ಅಡಕೆ ಅಡಕೊತ್ತಿನಲ್ಲಿಯೇ ಉಳಿಯಿತು.

ಅತ್ತಿಗೆಯವರು ಬಂದದ್ದು ಬೇರೆ ಆಸೆಯಿಂದ. ನಾನಾದರೂ 'ಬೇಡ' ಎನ್ನಲೆಂದು.

"ಕರ್ನಲ್ ಕಾಳೆಯವರ ಸುದ್ದಿ ನೀವೂ ಓದೀರಿ. ಕಾಯೋರಿಗೇ ಕಾವಲಿಲ್ಲ, ಇಕಿಗೆ ಯಾರದು?"

ಓದಿದ್ದೆ. ಪುಣೆಯ ವೈಭವ್ ಅನಿಲ್ ಕಾಳೆಯವರು ಸೈನ್ಯದಿಂದ ನಿವೃತ್ತರಾಗಿ ವಿಶ್ವಸಂಸ್ಥೆಯ ಸುರಕ್ಷತಾ ವಿಭಾಗವನ್ನು ಸೇರಿದ್ದರು. 2024ರ ಮೇ 13ರಂದು, ಗಾಝಾದ ರಫಾದಲ್ಲಿ, ವಿಶ್ವಸಂಸ್ಥೆಯ ಗುರುತಿದ್ದ ವಾಹನದಲ್ಲಿ ಆಸ್ಪತ್ರೆಯತ್ತ ಹೋಗುತ್ತಿರುವಾಗಲೇ ಮಡಿದರು.

ಹುಡುಗಿ ವಾದಿಸಲಿಲ್ಲ. ತಾಯಿಯ ಮಾತಿಗೆ ತಾನೂ ಒಂದು ಸೇರಿಸಿದಳು: 2015ರ ಅಕ್ಟೋಬರಿನಲ್ಲಿ ಅಫಘಾನಿಸ್ತಾನದ ಕುಂದೂಜ್ ಆಸ್ಪತ್ರೆ ಎಲ್ಲಿದೆಯೆಂಬುದನ್ನು ಮೊದಲೇ ತಿಳಿಸಿಟ್ಟಿದ್ದರೂ ಅಮೆರಿಕದ ವಿಮಾನದ ದಾಳಿಗೆ 42 ಜನ ಸತ್ತರು. ಗುರುತಿನ ಬಾವುಟವೇ ಕೊಡೆಯೆಂದು ನಂಬಿ ಕೂಡುವಂತಿಲ್ಲ. ಅದಕ್ಕೂ ಮಿಗಿಲಾಗಿ, ಹೀಗೆ ಸಾಯುವವರಲ್ಲಿ ಬಹುಪಾಲು ಹೊರಗಿನಿಂದ ಹೋದವರಲ್ಲ; ಆಯಾ ನಾಡಿನ ಡ್ರೈವರು, ದಾದಿ, ಕಾವಲುಗಾರ. "ಅವರ ಹತ್ರ ವಾಪಸ್ ಬರೋ ಟಿಕೀಟು ಇರೂದಿಲ್ಲ ಕಾಕಾ" ಎಂದಳು. ಈ ಮಾತು ಮಾತ್ರ ನನಗೆ ಹೊಸದು. ಪತ್ರಿಕೆಗಳಲ್ಲಿ ಅವರ ಹೆಸರು ನಾವು ಕಾಣುವುದೇ ಅಪರೂಪ.

ಹಾಗಾದರೆ ಬಂದೂಕಿನವನನ್ನು ಜೊತೆಗೆ ಕೊಡುವುದಿಲ್ಲವೇ ಎಂದೆ. ಇಲ್ಲವಂತೆ, ಅವಳ ಸಂಸ್ಥೆಯ ವಾಹನದಲ್ಲಿ ಆಯುಧವೇ ಕೂಡದು. ಬಂದೂಕು ಕಂಡರೆ ಒಂದು ಪಕ್ಷದವರೆಂದು ಎಣಿಸುತ್ತಾರೆ. ಊರ ಹಿರಿಯರ ಒಪ್ಪಿಗೆ ಗಳಿಸುವುದು, ಹೊರಡುವ ಮುನ್ನ ದಾರಿ ವಿಚಾರಿಸುವುದು, ತಲುಪಿದೊಡನೆ ರೇಡಿಯೋದಲ್ಲಿ ತಿಳಿಸುವುದು, ಇಷ್ಟೇ ರಕ್ಷಣೆ. ಮಳೆಗಾಲದಲ್ಲಿ ವರಂಧ ಘಾಟಿಯಿಳಿದು ಮಹಾಡಕ್ಕೆ ಹೋಗುವ ನಮ್ಮೂರವರೂ ಎದುರು ಬಂದವರನ್ನು ನಿಲ್ಲಿಸಿ, ಗುಡ್ಡ ಕುಸಿದಿದೆಯೇ ಎಂದು ಕೇಳುತ್ತಾರೆ. ಆದರೆ ಗುಡ್ಡಕ್ಕೆ ದ್ವೇಷವಿಲ್ಲ.

ಇನ್ನು ಪ್ರಶ್ನೆ. ಸಾಕಿದ ನಾಯಿಯ ಹೆಸರೆಂದೆ. ಅದು ಓಣಿಗೆಲ್ಲ ಗೊತ್ತು. ಮೊದಲ ಶಾಲೆಯೆಂದೆ, ಅದನ್ನು ಬ್ಯಾಂಕಿನವರೂ ಕೇಳುತ್ತಾರೆ. ಕಡೆಗೆ ಅವಳ ಕಣ್ಣು ಮಿಂಚಿತು. ಏಳು ವರ್ಷದವಳಿದ್ದಾಗ, ಬೇಸಿಗೆಯ ರಜೆಯಲ್ಲಿ, ಇದೇ ಭೋರಿನಲ್ಲಿ ನಾವಿಬ್ಬರೂ ಮಾಡಿದ ಒಂದು ಕಿತಾಪತಿ ಉಂಟು. ತಾಯಿಗೆ ಹೇಳಕೂಡದೆಂದು ಆಣೆಯಿಟ್ಟುಕೊಂಡಿದ್ದೆವು. ನನ್ನ ಬಾಯಿಂದ ಹೊರಬೀಳದೆ ಉಳಿದ ಗುಟ್ಟು ಅದೊಂದೇ. ಓದುಗರು ಕ್ಷಮಿಸಬೇಕು, ಅದನ್ನಿಲ್ಲಿ ಬರೆಯುವಂತಿಲ್ಲ.

ಅವಳು ಕೈ ಅಡ್ಡ ಹಿಡಿದು ಬರೆದಳು, ಲಕೋಟೆಗೆ ಹಾಕಿ ಅಂಟಿಸಿದಳು. ನಾನು 'ಬೇಡ' ಎನ್ನಲಿಲ್ಲ. 'ಹೋಗು' ಎನ್ನುವ ಧೈರ್ಯವೂ ಬರಲಿಲ್ಲ.

ಸಂಜೆ ಸ್ವಾರಗೇಟಿನ ಬಸ್ಸಿಗೆ ಅವರನ್ನು ಹತ್ತಿಸಲು ಹೋದೆ. ಹುಡುಗಿ ಒಳಗೆ ಜಾಗ ಹಿಡಿಯುತ್ತಿದ್ದಳು. ಅತ್ತಿಗೆಯವರು ಮೆಟ್ಟಿಲ ಮೇಲೆ ನಿಂತು ಮೆಲ್ಲನೆ ಕೇಳಿದರು:

"ಏನದು, ನನಗಷ್ಟ ಹೇಳ್ರಿ."

"ಘಾಟಿನ ಕಡೆ ಮಳಿ ಕಟ್ಟೇದ ನೋಡ್ರಿ ವೈನಿ" ಎಂದೆ.