ತಗ್ಗಿನ ಗಾಳಿ

ನಾವು ಕೆಂಗೇರಿಯ ಕೆಳಗಿನ ಬೀದಿಯವರು. ಕೆಳಗಿನ ಅನ್ನೋದು ಇಲ್ಲಿ ಬೈಗುಳವಲ್ಲ, ನೆಲದ ಲೆಕ್ಕ. ಬೆಂಗಳೂರಿನ ದಿಣ್ಣೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೈಋತ್ಯಕ್ಕೆ ಇಳಿಯೋ ವೃಷಭಾವತಿ ನಮ್ಮ ಮಗ್ಗುಲಲ್ಲೇ ಹಾದು ಅರ್ಕಾವತಿ ಸೇರಲು ಹೋಗುತ್ತಾಳೆ. ಊರು ದಿಣ್ಣೆ ಹಿಡೀತು, ಕೇರಿಗೆ ತಗ್ಗು ಉಳೀತು. ನೀರು ಇಳಿಯೋ ದಾರೀಲೇ ಗಾಳಿಯೂ ಇಳಿದು ಬರ್ತದೆ ಅಂತ ನಮ್ಮ ಹಿರೀಕರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಬೇರೆ ಜಾಗ ಯಾರು ಕೊಡುತ್ತಿದ್ದರು?

ಈಗ ಕೆಂಗೇರಿ ಉಪನಗರ. 2021ರಲ್ಲಿ ಮೆಟ್ರೋ ಬಂತು. ಪೇಟೆಯ ಹೊಗೆ ಬೇಡ ಅಂತ ಮನೆ ಮಾಡಿಕೊಂಡು ಬರೋರೂ ಇದ್ದಾರೆ. ಅವರೆಲ್ಲ ಧನುರ್ಮಾಸದ ಬೆಳಗಿನ ಆರು ಗಂಟೆಗೆ ಒಂದು ಸಲ ನಮ್ಮ ಬೀದೀಲಿ ನಿಂತು ನೋಡಬೇಕು.

ಹಗಲು ಬಿಸಿಲಿಗೆ ನೆಲ ಕಾಯ್ತದೆ, ಅದರ ಮೇಲಿನ ಗಾಳಿ ಕಾದು ಮೇಲೇಳ್ತದೆ, ಹೊಗೆಯನ್ನೂ ಹೊತ್ತುಕೊಂಡು ಹೋಗ್ತದೆ. ಚಳಿಗಾಲದ ರಾತ್ರಿ ಮೋಡವಿಲ್ಲ, ಎಲೆ ಅಲುಗಾಡೋದಿಲ್ಲ. ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗ್ತದೆ. ನೆಲಕ್ಕಂಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂಗೆ ತಗ್ಗಿಗೆ ಬಂದು ನಿಲ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದಂಗೆ ಕೂತುಬಿಡ್ತದೆ. ಮಡಕೆ ಬಾಯಿ ಮುಚ್ಚಿದ ಮೇಲೆ ಹೊಗೆ ಎಲ್ಲಿಗೆ ಹೋಗಬೇಕು? ಮೈಸೂರು ರಸ್ತೆಯ ಲಾರಿಗಳು ರಾತ್ರಿಯೆಲ್ಲ ಉಗುಳಿದ್ದು, ನೀರೊಲೆಗೆ ತುರುಕಿದ ಪುಳ್ಳೆ, ಕಸದ ಗುಡ್ಡೆಗೆ ಹಚ್ಚಿದ ಬೆಂಕಿ, ಎಲ್ಲಾ ನಮ್ಮ ತಗ್ಗಿನಲ್ಲೇ. ಸಾಲದ್ದಕ್ಕೆ ಆ ತಿಂಗಳುಗಳಲ್ಲಿ ಗಾಳಿ ಆಡೋದು ಮೂಡಲ ದಿಕ್ಕಿನಿಂದ. ನಮ್ಮ ಮೂಡಲಿಗೆ ಇಡೀ ಬೆಂಗಳೂರೇ ಇದೆಯಲ್ಲ!

ಬಿಸಿಲು ಬಲಿತು ಒಂಬತ್ತೋ ಹತ್ತೋ ಗಂಟೆಯಾದ ಮೇಲೆ ಆ ಮುಚ್ಚಳ ಒಡೀತದೆ. ನಮ್ಮಕ್ಕ ಪೊರಕೆ ಹಿಡಿಯೋದು ಆರೂವರೆಗೆ.

ಆಷಾಢದ ಮಾತೇ ಬೇರೆ. ಪಡುವಲ ಗಾಳಿ ಹೆಂಚು ಹಾರಿಸೋ ಹಂಗೆ ಬೀಸ್ತದೆ, ಮಳೆ ಧೂಳು ತೊಳೀತದೆ. ಒಂದೊಂದು ದಿನ ಕುಂಬಳಗೋಡಿನ ಕಡೆಯಿಂದ ಮೂಗಿಗೆ ಖಾರ ಹೊಡೆಯೋದು ಬಿಟ್ಟರೆ ಅಕ್ಕ ರಾತ್ರಿ ಮಲಗಿ ನಿದ್ದೆ ಮಾಡೋದು ಆಗಲೇ. ಬೇಸಿಗೇಲಿ ಹೊಳೆಯದೇ ಕಾಟ. ಹೊಳೆ ಅಂತ ಬಾಯಿ ಮಾತಿಗೆ ಅಂದೆವು. ಹರಿಯೋದು ನಗರದ ಕಕ್ಕಸು ನೀರು, ಕಾರ್ಖಾನೆ ನೀರು. ಅದರಲ್ಲಿ ಉಸಿರು ಉಳಿಯದೆ ಕೊಳೆತ ಮೊಟ್ಟೆ ವಾಸನೆಯ ಅನಿಲ ಏಳ್ತದೆ. ಅಕ್ಕನ ಬೆಳ್ಳಿ ಕಾಲುಂಗುರ ಕಪ್ಪಾಗೋದು ಅದರಿಂದಲೇ. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಉಂಗುರ ಬೆಳ್ಳಗಾಗ್ತದೆ. ಎದೆಯನ್ನ ಯಾವುದರಿಂದ ತಿಕ್ಕೋದು?

ಗಾಳಿ ಅಳೆಯೋರು ಇದ್ದಾರೆ. ಕೂದಲೆಳೆಯ ಮೂವತ್ತರಲ್ಲೊಂದು ಪಾಲಿನಷ್ಟಿರೋ ಕಣ, ಪಿಎಂ 2.5, ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಕಟ್ಟಳೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಅಂತ ಹೇಳಿತು. ನಮ್ಮ ತಕರಾರು ಅಂಕಿಯ ಮೇಲಲ್ಲ, ಸರಾಸರಿಯ ಮೇಲೆ. ಮುಂಜಾನೆಯ ವಿಷಕ್ಕೆ ಮಧ್ಯಾಹ್ನದ ತಿಳಿಗಾಳಿ ಬೆರೆಸಿ ಇಪ್ಪತ್ತನಾಲ್ಕು ಗಂಟೆಗೆ ಭಾಗಿಸಿದರೆ ಲೆಕ್ಕ ಸರಿಹೋಗ್ತದೆ. ಅಕ್ಕ ಸರಾಸರಿ ಉಸಿರಾಡೋಲ್ಲ. ಡೆಲ್ಲಿಗಿಂತ ವಾಸಿ ಅನ್ನೋರ ಮಾತಿಗೂ ಅಷ್ಟೇ ಬೆಲೆ. ಡೆಲ್ಲಿಯ ಬಡಗಲಿಗೆ ಹಿಮಾಲಯ ಗೋಡೆ ಕಟ್ಟಿ ನಿಂತಿದೆ, ನಮಗಿರೋದು ಬಯಲು ದಿಣ್ಣೆ. ದಿಣ್ಣೆ ಮೇಲಿರೋರಿಗೆ ಆ ಮಾತು ಸರಿ.

ಒಂದು ಮಾತು ಮುಚ್ಚಿಡಬಾರದು. ಆ ಹೊಗೆಯಲ್ಲಿ ನಮ್ಮ ಪಾಲೂ ಇದೆ. ಲಾರಿ ಬಾರದ ದಿನ ಗುಡಿಸಿದ ಎಲೆಗೆ ಕಡ್ಡಿ ಗೀರಿದ್ದು ನಮ್ಮ ಕೈಗಳೇ. ಸುಡಬಾರದು ಅಂತ ಕಾನೂನಿದೆ. ಗುಡ್ಡೆ ಉಳಿದರೆ ಹಾಜರಿ ಕಟ್ ಅನ್ನೋ ಮೇಸ್ತ್ರಿಯೂ ಇದ್ದಾನೆ.

ಹೋದ ವರ್ಷ ಆಸ್ಪತ್ರೇಲಿ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಬೆಳಗಿನ ಚಳೀಲಿ, ಧೂಳಲ್ಲಿ ಓಡಾಡಬೇಡಮ್ಮ" ಅಂದರು. ಅಕ್ಕ ಚೀಟಿ ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಮೇಸ್ತ್ರಿ ಹತ್ತಿರ ಹೋದಳು.

"ಅಣ್ಣಾ, ಈ ಎರಡು ತಿಂಗಳು ಎಂಟೂವರೆಗೆ ಬತ್ತೀವಿ. ಸಂಜೆ ಎರಡು ಗಂಟೆ ಹೆಚ್ಚಿಗೆ ನಿಲ್ತೀವಿ."

"ಅಷ್ಟೊತ್ತಿಗೆ ಜನ ಓಡಾಡ್ತಾರಲ್ಲಮ್ಮ. ಧೂಳೆದ್ದರೆ ಅವರ ಮೂಗಿಗೆ ಹೋಗಲ್ವಾ?"

ಮನೆಗೆ ಬಂದು ಅಕ್ಕ ಇದನ್ನ ಮೇಸ್ತ್ರಿಯ ದನೀಲೇ ಆಡಿ ತೋರಿಸಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗ್ತಾ ನಗ್ತಾ ಅವಳಿಗೆ ಕೆಮ್ಮು ಹತ್ತಿಕೊಂಡಿತು. ನಾವು ನಗು ನಿಲ್ಲಿಸಿದೆವು, ಕೆಮ್ಮು ನಿಲ್ಲಲಿಲ್ಲ.

ಈ ಸಲ ಏಳು ಜನ ಹೆಂಗಸರು ಸೇರಿ ಅರ್ಜಿ ಕೊಟ್ಟಿದ್ದಾರೆ. ಬರೆದವರು ನಾವು. ಮೂವರು ಸಹಿ ಹಾಕಿದರು, ನಾಲ್ವರು ಹೆಬ್ಬೆಟ್ಟು ಒತ್ತಿದರು. ಕಾರ್ತಿಕದಲ್ಲಿ ಕೊಟ್ಟ ಅರ್ಜಿ ಅದು. ಧನುರ್ಮಾಸ ಬಂತು. ಅಕ್ಕ ಒದ್ದೆ ಟವೆಲು ಮೂಗಿಗೆ ಕಟ್ಟಿಕೊಂಡು ಆರು ಗಂಟೆಗೇ ಹೊರಟಳು.