ಆಮ್‌ಸ್ಟರ್‌ಡ್ಯಾಮ್‌ಗೆ ಹೋದ ಅಜ್ಜಿಯ ಜೋಗುಳ

"ಅಜ್ಜಿ ಹಾಡು ಬರ್ತಾನೇ ಇಲ್ಲ ಕಣೋ. ಬರೀ ಗಿರಗಿರ ಸುತ್ತುತ್ತೆ. ಅಳಿಸಿ ಹೋಯ್ತಾ?"

ಡಬ್ಲಿನ್‌ನಿಂದ ಅಮ್ಮನ ಈ ಮೆಸೇಜ್ ಬಂದಾಗ ಬೆಂಗಳೂರಲ್ಲಿ ರಾತ್ರಿ ಹನ್ನೊಂದು. ತಂಗಿಯ ಬಾಣಂತನಕ್ಕೆ ಅಂತ ಅಮ್ಮ ಅಲ್ಲಿಗೆ ಹೋಗಿ ತಿಂಗಳಾಗಿತ್ತು. ಭಾನುವಾರ ಮಗುವಿಗೆ ತೊಟ್ಟಿಲು ಶಾಸ್ತ್ರ. ಅಜ್ಜಿ ಹಾಡಿದ ಜೋಗುಳವನ್ನೇ ಹಾಕಬೇಕು ಅನ್ನೋದು ಅವಳ ಆಸೆ. ಆ ಹಾಡು ಇದ್ದದ್ದು ಸಾಗರದ ನಮ್ಮ ಮನೆಯ ಟಿವಿ ಹಿಂದಿನ ಒಂದು ಪುಟ್ಟ ಡಬ್ಬಿಯಲ್ಲಿ.

ಆ ಡಬ್ಬಿ ನನ್ನದೇ ಕರಾಮತ್ತು. ಒಂದು ರಾಸ್ಪ್‌ಬೆರಿ ಪೈ, ಒಂದು ಹಾರ್ಡ್ ಡಿಸ್ಕ್, ಅದರಲ್ಲಿ ಜೆಲ್ಲಿಫಿನ್ ಅನ್ನೋ ಉಚಿತ ಮೀಡಿಯಾ ಸರ್ವರ್. 1996ರಲ್ಲಿ ಅಪ್ಪ ಟೂ-ಇನ್-ಒನ್‌ನಲ್ಲಿ ಅಜ್ಜಿಯ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಮಲೆನಾಡಿನ ಮಳೆಗೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತಿತ್ತು. ನಾನೇ ಕೂತು ಅವನ್ನೆಲ್ಲ ಡಿಜಿಟಲ್ ಮಾಡಿ, "ಇನ್ನು ಚಿಂತೆ ಇಲ್ಲ, ಪ್ರಪಂಚದಲ್ಲಿ ಎಲ್ಲಿದ್ರೂ ಕೇಳಬಹುದು" ಅಂತ ಜಂಬ ಕೊಚ್ಚಿ, ಕ್ಯಾಸೆಟ್‌ಗಳನ್ನು ಗುಜರಿಗೆ ಕೊಡಿಸಿದ್ದೆ. ಅಜ್ಜಿ ಹೋಗಿ ಎಂಟು ವರ್ಷ. ಅವಳ ದನಿ ಇರೋದು ಆ ಒಂದೇ ಡಿಸ್ಕ್‌ನಲ್ಲಿ.

ನಾನೂ ಆ್ಯಪ್ ತೆರೆದೆ. ಗಿರಗಿರ. ಹೊಟ್ಟೆಯಲ್ಲಿ ಸಣ್ಣಗೆ ಸಂಕಟವಾಯಿತು. ಬೆಂಗಳೂರಿನಿಂದ ನಾನೇ ಅದನ್ನು ತೆರೆದು ತಿಂಗಳುಗಳಾಗಿದ್ದವು ಅಂತ ಆಗಲೇ ಗೊತ್ತಾಗಿದ್ದು.

ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. ನಮ್ಮಿಬ್ಬರ ಮಾತು ಸಾಮಾನ್ಯವಾಗಿ ಎರಡು ನಿಮಿಷದ್ದು: ಊಟ ಆಯ್ತಾ, ಮಳೆ ಬಂತಾ, ಇಡ್ಲಾ. ಅವತ್ತು ಮಾತ್ರ ನಲವತ್ತು ನಿಮಿಷ ಆಯಿತು.

"ಡಬ್ಬಿಯಲ್ಲಿ ಲೈಟ್ ಇದ್ಯಾ ಅಪ್ಪ?"

"ಕೆಂಪು ಒಂದು, ಹಸಿರು ಒಂದು. ಹಸಿರು ಮಿಣಿಮಿಣಿ ಅಂತಿದೆ. ಟಿವಿಯಲ್ಲಿ ಹಾಡು ಸರಿಯಾಗೇ ಬರ್ತಿದೆಯಲ್ಲ ಮಾರಾಯ, ನಿಮಗೆಂತ ಆಗಿದೆ?"

ಉಸಿರು ಬಂತು. ಡಿಸ್ಕ್ ಬದುಕಿದೆ. ಮನೆಯೊಳಗೆ ಹಾಡು ಬರುತ್ತೆ, ಹೊರಗಿನಿಂದ ಬರಲ್ಲ. ಅಂದರೆ ತೊಂದರೆ ಇರೋದು ದಾರಿಯಲ್ಲಿ.

ನನ್ನ ಮೊದಲ ಅನುಮಾನ ಇಂಟರ್ನೆಟ್ ಕಂಪನಿಯ ಮೇಲೆ. ಈಗ ಹಲವು ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುತ್ತವೆ. ಅದಕ್ಕೆ ಸಿಜಿನ್ಯಾಟ್ ಅಂತ ಹೆಸರು. ಹಾಗಾದರೆ ಹೊರಗಿನವರು ನಮ್ಮ ಬಾಗಿಲು ತಟ್ಟೋಕೆ ದಾರಿಯೇ ಇರಲ್ಲ. ಪತ್ತೆ ಮಾಡೋದು ಸುಲಭ: ರೂಟರ್‌ನ ಪೇಜ್‌ನಲ್ಲಿ ಕಾಣುವ ಹೊರಗಿನ ವಿಳಾಸ 100.64ರಿಂದ 100.127ರ ಒಳಗಿದ್ದರೆ ಖಂಡಿತ ಅದೇ. ಅಪ್ಪ ರೂಟರನ್ನು ಮಗುಚಿ, ಕೆಳಗಿನ ಸ್ಟಿಕ್ಕರ್‌ನಿಂದ ಪಾಸ್‌ವರ್ಡ್ ಓದಿಕೊಂಡು, ಫೋನ್‌ನಲ್ಲೇ ಪೇಜ್ ತೆರೆದರು. ಅಂಕಿ ಅಂಕಿಯಾಗಿ ವಿಳಾಸ ಓದಿ, ಕೊನೆಗೆ ಇನ್ನೊಮ್ಮೆ ಹಿಂದಿನಿಂದ ಓದಿ ತಾಳೆ ನೋಡಿದರು. ಮೂವತ್ತೈದು ವರ್ಷ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದವರು. ವಿಳಾಸ ತಪ್ಪಿದರೆ ಏನಾಗುತ್ತೆ ಅಂತ ಅವರಿಗೆ ಗೊತ್ತು.

ವಿಳಾಸ 100ರಿಂದ ಶುರುವಾಗಿರಲಿಲ್ಲ. ಕಂಪನಿ ನಿರಪರಾಧಿ.

ಮನೆಯ ಐಪಿ ಆಗಾಗ ಬದಲಾಗುವುದರಿಂದ ಡೈನಾಮಿಕ್ ಡಿಎನ್‌ಎಸ್ ಇಟ್ಟಿದ್ದೆ. ಡಬ್ಬಿಯೇ ಆಗಾಗ "ನನ್ನ ಇವತ್ತಿನ ವಿಳಾಸ ಇದು" ಅಂತ ಒಂದು ಹೆಸರಿನ ಎದುರು ಬರೆಸುತ್ತೆ. ನಮ್ಮ ಆ್ಯಪ್‌ಗಳು ಆ ಹೆಸರು ನೋಡಿ ಮನೆ ಹುಡುಕುತ್ತವೆ. ಶನಿವಾರ ರಾತ್ರಿ ಆ ಹೆಸರಿನ ಮುಂದೆ ಇದ್ದ ವಿಳಾಸ ನೋಡಿದೆ. ಅಪ್ಪ ಓದಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಲ್ಲಿಯದು ಅಂತ ಹುಡುಕಿದರೆ, ಆಮ್‌ಸ್ಟರ್‌ಡ್ಯಾಮ್!

ಆಗ ನೆನಪಾಯಿತು. ಯುಗಾದಿಗೆ ಊರಿಗೆ ಹೋದಾಗ, ಯಾವುದೋ ಡಿಸ್ಕೌಂಟ್‌ಗೆ ಬಿದ್ದು ಕೊಂಡಿದ್ದ ವಿಪಿಎನ್ ಒಂದನ್ನು ಪ್ರೈವೆಸಿ ಹೆಸರಲ್ಲಿ ಡಬ್ಬಿಗೆ ಹಾಕಿ, ತಾನೇ ಆನ್ ಆಗೋ ಹಾಗೆ ಬಿಟ್ಟು ಬಂದಿದ್ದೆ. ಮನೆಯೊಳಗೆ ಟಿವಿಯಲ್ಲಿ ಹಾಡು ಬಂತು, ಎದ್ದು ಬಸ್ ಹತ್ತಿದೆ. ಅಂದಿನಿಂದ ಡಬ್ಬಿ ಹೊರ ಜಗತ್ತನ್ನು ನೋಡಿದ್ದು ಆಮ್‌ಸ್ಟರ್‌ಡ್ಯಾಮ್‌ನ ಕಿಟಕಿಯಿಂದ. ಹಾಗಾಗಿ ತನ್ನ ವಿಳಾಸ ಅಂತ ಅಲ್ಲಿಯದನ್ನೇ ಬರೆಸಿತ್ತು.

ಹೆಸರು ಬಿಟ್ಟು, ಅಪ್ಪ ಓದಿದ ವಿಳಾಸವನ್ನೇ ನೇರವಾಗಿ ಹಾಕಿದೆ. ಆಗಲೂ ಗಿರಗಿರ. ಅಪ್ಪ ಇನ್ನೂ ಲೈನ್‌ನಲ್ಲೇ ಇದ್ದರು. "ಈಗೆಂತ?" ಅಂದರು.

"ನಾನು ಕಳಿಸಿದ್ದು ನಮ್ಮನೆಗೇ ಬರ್ತಿದೆ ಅಪ್ಪ. ಆದ್ರೆ ಡಬ್ಬಿ ಕೊಡೋ ಉತ್ತರ ವಿಪಿಎನ್ ಒಳಗಿಂದ ಹೊರಟು ಆಮ್‌ಸ್ಟರ್‌ಡ್ಯಾಮ್ ವಿಳಾಸ ಹೊತ್ಕೊಂಡು ಬರುತ್ತೆ. ನನ್ನ ಫೋನು ಅದನ್ನ ಒಪ್ಪಲ್ಲ."

"ಹೆಂಗೆ ಒಪ್ಪತ್ತೆ? ಸಾಗರಕ್ಕೆ ರಿಜಿಸ್ಟರ್ ಮಾಡಿದ ಕಾಗದದ ಅಕ್ನಾಲೆಜ್‌ಮೆಂಟ್ ಕಾರ್ಡು ಗುರುತಿಲ್ಲದ ಊರಿನವರ ಸಹಿ ಹೊತ್ತು ಬಂದ್ರೆ ನಾವು ತಗೋತೀವಾ?"

ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಯಾರೂ ನನಗೆ ಟಿಸಿಪಿಯನ್ನು ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಆದರೆ ಗಂಟೆ ಹನ್ನೆರಡಾಗಿತ್ತು. ವಿಪಿಎನ್ ನಿಲ್ಲಿಸೋದಕ್ಕೂ ಡಬ್ಬಿಯ ಒಳಗೆ ಹೋಗಬೇಕು, ಹೊರಗಿನಿಂದ ನಾನು ಹೋಗಲಾರೆ. ಅಪ್ಪನ ಕಣ್ಣು ಎಳೆಯುತ್ತಿತ್ತು.

ಭಾನುವಾರ ಡಬ್ಲಿನ್‌ನಲ್ಲಿ ಬೆಳಿಗ್ಗೆ ಹತ್ತು, ನಮಗೆ ಮಧ್ಯಾಹ್ನ ಎರಡೂವರೆ. ವಿಡಿಯೋ ಕಾಲ್‌ನಲ್ಲಿ ತೊಟ್ಟಿಲು, ಹೂವು, ಅಮ್ಮನ ರೇಷ್ಮೆ ಸೀರೆ. ನಾನು ಮುಖ ಸಣ್ಣ ಮಾಡಿಕೊಂಡು "ಹಾಡು ಇನ್ನೂ ರೆಡಿ ಆಗಿಲ್ಲಮ್ಮ" ಅಂದೆ. ಅಷ್ಟರಲ್ಲಿ ಅಪ್ಪನ ಚೌಕದಲ್ಲಿ ಕ್ಯಾಮೆರಾ ಅಲ್ಲಾಡಿತು. ಏನೂ ಹೇಳದೆ ಅವರು ಟಿವಿಯಲ್ಲಿ ಹಾಡು ಹಾಕಿ ಫೋನನ್ನು ಸ್ಪೀಕರ್ ಹತ್ತಿರ ಹಿಡಿದಿದ್ದರು.

ಮೊದಲು ಕ್ಯಾಸೆಟ್‌ನ ಗರಗರ. "ಶುರು ಮಾಡ್ಲಾ?" ಅಂತ ಅಜ್ಜಿ ಕೇಳ್ತಾಳೆ, ಒಂದು ಮಗು ಅಳುತ್ತೆ, ಅದು ನಾನು. ಆಮೇಲೆ ಜೋಗುಳ. ನಡುನಡುವೆ ದನಿ ಕಡಿಯುತ್ತಿತ್ತು, ಯಾರಿಗೂ ಅದು ಬೇಕಿರಲಿಲ್ಲ. ತಂಗಿ ತೊಟ್ಟಿಲು ತೂಗಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮೈಕ್ ಮ್ಯೂಟ್ ಮಾಡಿಕೊಂಡೆ.

ಸಂಜೆ ಅಪ್ಪನೇ ಫೋನ್ ಮಾಡಿದರು. ಅವರಾಗಿ ಮಾಡೋದು ಅಪರೂಪ. "ಆ ಉತ್ತರದ ಕೆಲಸ ಬಾಕಿ ಉಂಟಲ್ಲ, ಮುಗಿಸಿಬಿಡುವಾ." ಅವರ ಫೋನ್‌ಗೆ ಒಂದು ಟರ್ಮಿನಲ್ ಆ್ಯಪ್ ಹಾಕಿಸಿ, ಡಬ್ಬಿಗೆ ಲಾಗಿನ್ ಮಾಡಿಸಿ, ವಿಪಿಎನ್ ನಿಲ್ಲಿಸುವ, ಮತ್ತೆ ತಾನಾಗಿ ಶುರುವಾಗದಂತೆ ಮಾಡುವ ಎರಡು ಸಾಲು ಹೇಳಿದೆ. "ಇಲ್ಲಿ ಸ್ಪೇಸ್ ಉಂಟಾ? ಇದು ಸಣ್ಣ ಅಕ್ಷರವಾ?" ಅಂತ ಕೇಳಿ ಕೇಳಿ ಒಂದೂ ತಪ್ಪಿಲ್ಲದೆ ಟೈಪ್ ಮಾಡಿದರು. ಹತ್ತು ನಿಮಿಷದಲ್ಲಿ ಹೆಸರಿನ ಮುಂದೆ ಸಾಗರದ ವಿಳಾಸ ಬಂತು. ಡಬ್ಲಿನ್‌ನಿಂದ ಅಮ್ಮ ಕಳಿಸಿದ್ದು ಒಂದೇ ಪದ: "ಬಂತು!"

ಮುಂದಿನ ವಾರ ಊರಿಗೆ ಹೋದೆ. ಜಗತ್ತಿಗೆಲ್ಲ ತೆರೆದಿಟ್ಟಿದ್ದ ಜೆಲ್ಲಿಫಿನ್ ಪೋರ್ಟ್ ಮುಚ್ಚಿ, ವೈರ್‌ಗಾರ್ಡ್ ಹಾಕಿದೆ. ಇದೂ ವಿಪಿಎನ್ನೇ. ನಾನು ದುಡ್ಡು ಕೊಟ್ಟು ಕೊಂಡದ್ದು ನಮ್ಮ ಮನೆಯಿಂದ ಮುಖ ಮುಚ್ಚಿಕೊಂಡು ಹೊರಗೆ ಹೋಗೋಕೆ, ಇದು ಹೊರಗಿದ್ದವರು ಕೀಲಿ ತೋರಿಸಿ ನಮ್ಮ ಮನೆಗೆ ಬರೋಕೆ. ನೀವೂ ಇಂಥದ್ದು ಮಾಡಿಕೊಂಡಿದ್ದರೆ, ಏನೇ ಬದಲಾಯಿಸಿದ ಮೇಲೂ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆದು ನೋಡಿ. ಒಂದು ನಿಮಿಷದ ಕೆಲಸ. ನಾನು ಅದನ್ನೇ ಮಾಡಿರಲಿಲ್ಲ. ಅಜ್ಜಿಯ ಹಾಡುಗಳನ್ನು ಇನ್ನೊಂದು ಡಿಸ್ಕ್‌ಗೂ ಕಾಪಿ ಮಾಡಿ ಬೆಂಗಳೂರಿಗೆ ತಂದೆ. ಮೂರನೆಯ ಪ್ರತಿ ತಂಗಿಯ ಲ್ಯಾಪ್‌ಟಾಪ್‌ನಲ್ಲಿದೆ.

ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಅಪ್ಪನ ಫೋನ್ ಬರುತ್ತೆ. "ಹಸಿರು ಮಿಣಿಮಿಣಿ ಅಂತಿದೆ" ಅಂತ ವರದಿ ಕೊಡ್ತಾರೆ. ಹಸಿರು ಲೈಟ್ ನೋಡೋ ಅಗತ್ಯ ಇಲ್ಲ ಅಂತ ನಾನೂ ಹೇಳಿಲ್ಲ. ಆಮೇಲೆ ಮಳೆ, ಅಡಿಕೆ, ಪಕ್ಕದ ಮನೆಯ ನಾಯಿ. ಎರಡು ನಿಮಿಷಕ್ಕೆ ಮುಗಿಯೋದಿಲ್ಲ.