ಹಡಗಿನ ಹಿಂಬದಿಯ ಕೋಣೆ

ಪ್ರವಾಸಕ್ಕೆ ಹೊರಡುವವರು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬಹು ಶ್ರದ್ಧೆಯಿಂದ ಸಿದ್ಧಪಡಿಸಿಕೊಳ್ಳುತ್ತಾರೆ; ಮಲಗಬೇಕಾದ ಸ್ಥಳದ ಬಗೆಗೆ ಅಷ್ಟಾಗಿ ಯೋಚಿಸುವುದಿಲ್ಲ. ನಾನೂ ಯೋಚಿಸಲಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ, ಪಿರಮಿಡ್ಡುಗಳ ನಾಡನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ನನ್ನಲ್ಲಿ ಬಲವಾಯಿತು. 2023ರ ಜನವರಿಯಲ್ಲಿ ಅದು ಕೈಗೂಡಿತು. ನಾನೂ ನನ್ನ ಪತ್ನಿಯೂ ಈಜಿಪ್ಟಿಗೆ ಹೋದೆವು. ಅಲ್ಲಿಯ ಲಕ್ಸರ್ ನಗರದಿಂದ ಆಸ್ವಾನ್ ನಗರದವರೆಗೆ, 200 ಕಿಲೋಮೀಟರಿಗೂ ಹೆಚ್ಚಿನ ದೂರವನ್ನು, ನೈಲ್ ನದಿಯ ಮೇಲೆ ಹಡಗಿನಲ್ಲಿ ಕ್ರಮಿಸುವುದೆಂದು ನಿಶ್ಚಯವಾಗಿತ್ತು. ಒಟ್ಟು ನಾಲ್ಕು ರಾತ್ರಿಗಳ ಪ್ರಯಾಣ.

ಹೊರಡುವುದಕ್ಕೆ ಮೊದಲೇ ಹಡಗಿನ ನಕ್ಷೆಯೊಂದು ನಮ್ಮ ಕೈಗೆ ಬಂದಿತ್ತು. ಅದಕ್ಕೆ ನಾಲ್ಕು ಅಂತಸ್ತುಗಳು. ಮೇಲಕ್ಕೆ ಹೋದಂತೆಲ್ಲ ಕೋಣೆಯ ಬಾಡಿಗೆಯೂ ಮೇಲಕ್ಕೆ ಹೋಗುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಹಿಂಬದಿಯ ಕೊನೆಯ ಕೋಣೆಗೆ ಎಲ್ಲಕ್ಕಿಂತ ಕಡಿಮೆ ಬಾಡಿಗೆ. ಪಿಂಚಣಿಯ ಹಣವನ್ನು ಎಣಿಸಿ ಖರ್ಚು ಮಾಡುವ ಮೇಷ್ಟರಿಗೆ ಬೇರೆ ವಿಚಾರ ಹೊಳೆಯುವುದುಂಟೆ? “ರಾತ್ರಿ ಕಣ್ಣು ಮುಚ್ಚಿದ ಮೇಲೆ ಮೇಲಿನ ಕೋಣೆಯೇನು, ಕೆಳಗಿನ ಕೋಣೆಯೇನು?” ಎಂದೆ.

“ಕಣ್ಣೇನೋ ಮುಚ್ಚಿಕೊಳ್ಳುತ್ತದೆ. ಆದರೆ ನೋಡಿ, ಅಷ್ಟು ಅಗ್ಗಕ್ಕೆ ಕೊಡುತ್ತಾರೆಂದರೆ ಅದಕ್ಕೇನೋ ಕಾರಣ ಇರಬೇಕಲ್ಲವೇ?” ಎಂದಳು ನನ್ನ ಪತ್ನಿ. ನಾನು ನಕ್ಕುಬಿಟ್ಟೆ. ಕಾರಣವೇನೆಂಬುದನ್ನು ತಿಳಿಯಲು ಲಕ್ಸರಿನವರೆಗೆ ಹೋಗಬೇಕಾಯಿತು.

ಲಕ್ಸರಿನಲ್ಲಿ ಮೊದಲ ದಿನ ಕಾರ್ನಾಕ್ ದೇವಾಲಯದ ಮಹಾಸ್ತಂಭಗಳನ್ನು ನೋಡಿ ಬೆರಗಾಗಿ, ಕತ್ತಲಾಗುವ ಹೊತ್ತಿಗೆ ಹಡಗಿಗೆ ಹಿಂದಿರುಗಿದೆವು. ಅಲ್ಲಿ ಹಡಗುಗಳನ್ನು ದಡದ ಉದ್ದಕ್ಕೆ ಒಂದರ ಹಿಂದೆ ಒಂದರಂತೆ ನಿಲ್ಲಿಸುವುದಷ್ಟೇ ಅಲ್ಲ, ಸಂತೆಯಲ್ಲಿ ಗಾಡಿಗಳನ್ನು ಬಿಟ್ಟಂತೆ ಒಂದರ ಪಕ್ಕಕ್ಕೆ ಒಂದನ್ನು ತಾಗಿಸಿಯೂ ಕಟ್ಟುತ್ತಾರೆ. ನಮ್ಮ ಹಡಗನ್ನು ಸೇರಬೇಕಾದರೆ ಬೇರೆ ಎರಡು ಹಡಗುಗಳ ನಡುಮನೆಯನ್ನು ಹಾದುಹೋಗಬೇಕಾಗಿತ್ತು. ಕೋಣೆಯ ಕಿಟಕಿಯನ್ನು ತೆರೆದರೆ ನೈಲ್ ನದಿಯ ಬದಲು ಪಕ್ಕದ ಹಡಗಿನ ಕಿಟಕಿ. ನಿಂತ ಹಡಗಿಗೂ ದೀಪ ಬೇಕು, ಅಡಿಗೆಮನೆಗೆ ವಿದ್ಯುತ್ತು ಬೇಕು. ಅದಕ್ಕಾಗಿ ಪ್ರತಿಯೊಂದು ಹಡಗಿನ ಜನರೇಟರೂ ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು. ಡೀಸೆಲ್ ಹೊಗೆಯ ವಾಸನೆಯೂ ಸೇರಿತು. ‘ಹಡಗು ಹೊರಟರೆ ಎಲ್ಲವೂ ಸರಿಹೋಗುತ್ತದೆ’ ಎಂದು ಪತ್ನಿಗೆ ಸಮಾಧಾನ ಹೇಳಿದೆ.

ಮರುದಿನ ಹಡಗು ಹೊರಟಿತು. ಆಗಲೇ ನಿಜವಾದ ಸದ್ದು ಆರಂಭವಾದದ್ದು. ನಮ್ಮ ಕೋಣೆಯ ಗೋಡೆಯ ಆಚೆಗೇ ಎಂಜಿನ್ ಮನೆ ಇತ್ತು! ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳತೊಡಗಿದವು. ನಾನು ಬಿಚ್ಚಿಟ್ಟ ಕನ್ನಡಕ ತನ್ನಷ್ಟಕ್ಕೆ ತಾನೇ ಮೇಜಿನ ಅಂಚಿನತ್ತ ತೆವಳತೊಡಗಿತು. ದಿಂಬಿಗೆ ತಲೆಯಿಟ್ಟರೆ ಸದ್ದು ಕಿವಿಯಿಂದಲ್ಲ, ಹಲ್ಲಿನಿಂದ ಒಳಗೆ ಬರುವಂತೆ ತೋರುತ್ತಿತ್ತು.

ಇದು ಉತ್ಪ್ರೇಕ್ಷೆಯಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಉಕ್ಕಿನಲ್ಲಿ ಅದರ ವೇಗ ಸುಮಾರು 5,000 ಮೀಟರ್. ಹಡಗಿನ ಮೈಯೆಲ್ಲ ಉಕ್ಕು. ಎಂಜಿನ್ನಿನ ನಡುಕ ಗೋಡೆ, ನೆಲ, ಮಂಚಗಳಿಗೆ ನೇರವಾಗಿ ಹರಿದು ಬರುತ್ತದೆ. ಬಾಗಿಲನ್ನು ಎಷ್ಟು ಭದ್ರವಾಗಿ ಮುಚ್ಚಿದರೂ ಅದನ್ನು ತಡೆಯಲಾಗದು. ಸಾಲದುದಕ್ಕೆ, ನೀರನ್ನು ಹಿಂದಕ್ಕೆ ತಳ್ಳುವ ಪ್ರೊಪೆಲರ್ ಎಂಬ ತಿರುಗಣೆಯೂ ಹಡಗಿನ ಹಿಂಬದಿಯಲ್ಲೇ ಇರುತ್ತದೆ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ನಾವು ಹೊರಟದ್ದು ದಕ್ಷಿಣಕ್ಕೆ. ಪ್ರವಾಹಕ್ಕೆ ಎದುರಾಗಿ ಸಾಗಬೇಕಾದ ಎಂಜಿನ್ನಿಗೆ ದುಡಿಮೆ ಹೆಚ್ಚು. ದುಡಿಮೆ ಹೆಚ್ಚಿದಷ್ಟೂ ಸದ್ದು ಹೆಚ್ಚು.

ಇದೇ ನದಿಯಲ್ಲಿ ಜನರು ಸಾವಿರಾರು ವರ್ಷಗಳ ಕಾಲ ಸದ್ದಿಲ್ಲದೆ ಸಂಚರಿಸಿದ್ದರು. ಅಲ್ಲಿ ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವವರು ಹಾಯಿ ಬಿಚ್ಚಿದರೆ ಸಾಕು, ಗಾಳಿಯೇ ಒಯ್ಯುತ್ತಿತ್ತು. ಉತ್ತರಕ್ಕೆ ಬರುವಾಗ ಹಾಯಿ ಮಡಿಸಿದರೆ ಪ್ರವಾಹವೇ ತರುತ್ತಿತ್ತು. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ‘ದಕ್ಷಿಣಕ್ಕೆ ಪಯಣಿಸು’ ಎಂಬುದಕ್ಕೆ ಹಾಯಿ ಬಿಚ್ಚಿದ ದೋಣಿಯೂ ‘ಉತ್ತರಕ್ಕೆ ಪಯಣಿಸು’ ಎಂಬುದಕ್ಕೆ ಹಾಯಿಯಿಲ್ಲದ ದೋಣಿಯೂ ಗುರುತಾಗಿದ್ದವು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. 1903ರ ಹೊತ್ತಿಗೆ ರಷ್ಯಾದ ವೋಲ್ಗಾ ನದಿಯಲ್ಲಿ ಡೀಸೆಲ್ ಎಂಜಿನ್ನಿನ ಹಡಗು ಓಡಾಡತೊಡಗಿತು. ಅಂದಿನಿಂದ ನದಿಗಳು ಗಾಳಿಯ ಹಂಗನ್ನು ಕಳೆದುಕೊಂಡವು. ಜೊತೆಗೆ ಮೌನವನ್ನೂ ಕಳೆದುಕೊಂಡವು.

ಆ ರಾತ್ರಿ ಎಸ್ನಾ ಎಂಬಲ್ಲಿಯ ಕಟ್ಟೆಯನ್ನು ದಾಟಿದೆವು. ಎರಡು ಬಾಗಿಲುಗಳ ನಡುವಿನ ದೊಡ್ಡ ತೊಟ್ಟಿಯಂಥ ಜಾಗದಲ್ಲಿ ಹಡಗನ್ನು ನಿಲ್ಲಿಸಿ, ನೀರು ತುಂಬಿ, ಮೇಲಿನ ಮಟ್ಟಕ್ಕೆ ಎತ್ತಿ ಬಿಡುವ ಆ ವ್ಯವಸ್ಥೆ ನೋಡತಕ್ಕದ್ದು. ನಾವು ಅದನ್ನು ಪೂರ್ತಿಯಾಗಿ ನೋಡಿದೆವು. ಏಕೆಂದರೆ ನಿದ್ರೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಎಡ್ಫುವಿನಲ್ಲಿ ಕ್ರಿ.ಪೂ. 237ರಲ್ಲಿ ಕಟ್ಟಲಾರಂಭಿಸಿದ ಹೋರಸ್ ದೇವಾಲಯ. ಅದರ ಗಿಡುಗದ ವಿಗ್ರಹದ ಎದುರು ನಿಂತು ನಾನು ಆಕಳಿಸಿದೆ. ಪತ್ನಿಗೆ ತಲೆನೋವು. ಹಡಗಿಗೆ ಹಿಂದಿರುಗಿದವನೇ ಗುಮಾಸ್ತರ ಬಳಿಗೆ ಹೋಗಿ, ಶಾಲೆಯಲ್ಲಿ ತುಂಟರನ್ನು ಗದರಿಸುತ್ತಿದ್ದ ಧ್ವನಿಯಲ್ಲಿಯೇ ದೂರು ಹೇಳಿದೆ. ಆತ ವಿನಯದಿಂದ ಕೇಳಿಸಿಕೊಂಡು, ಮೇಲಿನ ಅಂತಸ್ತಿನಲ್ಲಿ ಒಂದು ಕೋಣೆ ಖಾಲಿಯಿದೆಯೆಂದೂ ಅದನ್ನು ಸಂಜೆಯ ಹೊತ್ತಿಗೆ ಕೊಡುವುದಾಗಿಯೂ ಹೇಳಿದ. ಗೆದ್ದ ಹುಮ್ಮಸ್ಸಿನಲ್ಲಿ ಪೆಟ್ಟಿಗೆ ಕಟ್ಟಲು ಕೆಳಗೆ ಬಂದೆ.

ನಮ್ಮ ಕೋಣೆಯ ಪಕ್ಕದ ಕಬ್ಬಿಣದ ಬಾಗಿಲು ಆಗ ತೆರೆಯಿತು. ಬಿಸಿಗಾಳಿಯೂ ಸದ್ದೂ ಒಟ್ಟಿಗೆ ಹೊರನುಗ್ಗಿದವು. ಅದರ ಹಿಂದೆಯೇ ಎಣ್ಣೆ ಮೆತ್ತಿದ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಹೊರಗೆ ಬಂದ. ಕಿವಿಗಳನ್ನು ಮುಚ್ಚುವ ದಪ್ಪನೆಯ ರಕ್ಷೆ ಅವನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಏನೋ ಕೇಳಿದೆ. ಆತ ಮುಗುಳ್ನಕ್ಕು, ಬಲಗೈಯನ್ನು ದೊನ್ನೆಯಂತೆ ಮಾಡಿ ಬಲಗಿವಿಯ ಹಿಂದೆ ಹಿಡಿದು, ತಲೆಯನ್ನು ನನ್ನತ್ತ ಓರೆ ಮಾಡಿದ.

ನನ್ನ ಕೈಯಲ್ಲಿದ್ದ ಕೋಣೆಯ ಕೀಲಿ ಜಾರಿ ಬಿತ್ತು. ಅದು ನಮ್ಮ ಅಪ್ಪಯ್ಯ ನಿಲ್ಲುತ್ತಿದ್ದ ರೀತಿ.

ಅಪ್ಪಯ್ಯ ಶಿವಮೊಗ್ಗ ಜಿಲ್ಲೆಯ ಒಂದು ಊರಿನ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೇಳು ವರ್ಷ ಎಂಜಿನ್ ನಡೆಸಿದವರು. ಗಿರಣಿಯ ಹಿಂದೆಯೇ ನಮ್ಮ ಮನೆ. ಸುಗ್ಗಿ ಮುಗಿದ ಮೇಲೆ ಗಿರಣಿ ಹಗಲಿರುಳೂ ನಡೆಯುತ್ತಿತ್ತು. ನಾವು ಮಕ್ಕಳು ಆ ಸದ್ದಿನಲ್ಲಿಯೇ ನಿದ್ರಿಸುತ್ತಿದ್ದೆವು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಅಪ್ಪಯ್ಯನ ಕಿವಿಗೆ ಮೊದಲು ಕೇಳದಾದದ್ದು ಹಿತ್ತಿಲ ಹಕ್ಕಿಗಳ ದನಿ. ಆಮೇಲೆ ತಂಗಿಯ ಕಾಲ್ಗೆಜ್ಜೆ. ಆಮೇಲೆ ಮಾತುಗಳು ಒಂದೊಂದಾಗಿ ಮಸುಕಾದವು. ತಮಗೆ ಕೇಳಿಸದ್ದರಿಂದ ಇತರರಿಗೂ ಕೇಳಿಸದೆಂದು ಭಾವಿಸಿ ಅವರು ಗಟ್ಟಿಯಾಗಿ ಮಾತನಾಡುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಶುಲ್ಕ ಕಟ್ಟಲು ಅಪ್ಪಯ್ಯ ಶಾಲೆಗೆ ಬಂದರು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವರಾಡಿದ ಮಾತು ಇಡೀ ಶಾಲೆಗೆ ಕೇಳಿಸಿತು. ಗೆಳೆಯರು ನಕ್ಕರು. ಮರುದಿನ ಒಬ್ಬ ಕಿವಿಯ ಹಿಂದೆ ಕೈಯಿಟ್ಟು ಅಪ್ಪಯ್ಯನ ಅಣಕವಾಡಿದ. ಅಂದು ಸಂಜೆ ಮನೆಗೆ ಬಂದು, ಅವರ ಮುಖವನ್ನು ನೋಡದೆ, “ಅಪ್ಪಯ್ಯ, ಇನ್ನು ಮೇಲೆ ನೀವು ಶಾಲೆಗೆ ಬರುವುದು ಬೇಡ” ಎಂದೆ. ಮೆಲ್ಲಗೆ ಹೇಳಿದ್ದೆ. ಅವರು ಏನೂ ಅನ್ನಲಿಲ್ಲ. ಸುಮ್ಮನೆ ನಕ್ಕು ಗಿರಣಿಗೆ ಹೋದರು. ಅವರಿಗೆ ಕೇಳಿಸಲಿಲ್ಲವೆಂದೇ ನಾನು ನಂಬಿದೆ.

ಹತ್ತನೆಯ ತರಗತಿಯಲ್ಲಿ ನನಗೆ ಕನ್ನಡದಲ್ಲಿ ಬಹುಮಾನ ಬಂದಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಎಲ್ಲರ ತಂದೆತಾಯಿಗಳೂ ಬಂದರು. ಅಮ್ಮ ಬಂದಳು. ಅಪ್ಪಯ್ಯ ಬರಲಿಲ್ಲ. ಗಿರಣಿಯಲ್ಲಿ ಕೆಲಸವಿತ್ತೆಂದು ಅಮ್ಮ ಹೇಳಿದಳು. ಅಂದು ಭಾನುವಾರ, ಗಿರಣಿಗೆ ರಜೆ. ನನ್ನ ಮಾತು ಅವರಿಗೆ ಕೇಳಿಸದಿದ್ದರೆ ಅವರು ಬರುತ್ತಿದ್ದರು. ಇಷ್ಟು ಸುಲಭವಾದ ತರ್ಕ ನನಗೆ ಹೊಳೆದದ್ದು, ಅವರು 1994ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಕಿವಿ ಹೀಗೆ ಏಕೆ ಕೆಡುತ್ತದೆಂಬುದನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ತಿಳಿಸುತ್ತದೆ. ಒಳಕಿವಿಯಲ್ಲಿ ಶಂಖದ ಆಕಾರದ ಒಂದು ಅಂಗವಿದೆ. ಅದರೊಳಗೆ ನವಿರಾದ ಕೂದಲಿನಂಥ ಎಳೆಗಳುಳ್ಳ ಕೋಶಗಳಿವೆ. ಸದ್ದಿನ ಅಲೆಗೆ ಅವು ಬಾಗಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ದೀರ್ಘಕಾಲದ ಅಬ್ಬರಕ್ಕೆ ಸಿಕ್ಕಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಾವು ಸಮಾಧಾನವಾಗಿ ಆಡುವ ಮಾತು ಸುಮಾರು 60 ಡೆಸಿಬೆಲ್. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂದೂ, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿರಿ: 100 ಡೆಸಿಬೆಲ್ಲಿಗೆ ಉಳಿಯುವುದು ಕೇವಲ 15 ನಿಮಿಷ. ಹಡಗಿನ ಎಂಜಿನ್ ಮನೆಯಲ್ಲಿ ಸದ್ದು 100 ಡೆಸಿಬೆಲ್ಲನ್ನು ಮೀರುವುದು ಸಾಮಾನ್ಯ.

ಅಂದು ಸಂಜೆ ನಾವು ಮೇಲಿನ ಕೋಣೆಗೆ ಹೋದೆವು. ಹೋಗದೆ ಕೆಳಗೇ ಉಳಿದೆನೆಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ಮೇಲಿನ ಕೋಣೆಯಲ್ಲಿ ಎಂಜಿನ್ನಿನ ಸದ್ದು ದೂರದ ಜೇನುಗೂಡಿನಂತೆ ಕೇಳುತ್ತಿತ್ತು. ಪತ್ನಿ ಗಾಢವಾಗಿ ನಿದ್ರಿಸಿದಳು. ನನಗೆ ಮಾತ್ರ ಬಹಳ ಹೊತ್ತು ನಿದ್ರೆ ಬರಲಿಲ್ಲ. ಸದ್ದು ಕಡಿಮೆಯಾಗಿರಲಿಲ್ಲ, ನಾನು ಅದರಿಂದ ದೂರ ಬಂದಿದ್ದೆ, ಅಷ್ಟೆ. ಆ ಕಬ್ಬಿಣದ ಬಾಗಿಲಿನ ಹಿಂದೆ ಆ ಮನುಷ್ಯ ಆಗಲೂ ನಿಂತಿದ್ದ.

ಕೋಮ್ ಓಂಬೊ ದೇವಾಲಯವನ್ನು ನೋಡಿಕೊಂಡು ಆಸ್ವಾನನ್ನು ತಲಪಿದ ಮೇಲೆ ನಾನೊಬ್ಬನೇ ಕೆಳಗೆ ಹೋದೆ. ನಮ್ಮ ಕೋಣೆಯನ್ನು ಗುಡಿಸುತ್ತಿದ್ದ ಹುಡುಗನಿಗೆ ಇಂಗ್ಲಿಷ್ ಬರುತ್ತಿತ್ತು; ಅವನನ್ನೇ ದುಭಾಷಿಯನ್ನಾಗಿ ಕರೆದುಕೊಂಡೆ. ಎಂಜಿನ್ನಿನವನ ಕುತ್ತಿಗೆಯ ರಕ್ಷೆಯನ್ನು ತೋರಿಸಿ, “ಇದನ್ನು ಕಿವಿಗೆ ಏಕೆ ಹಾಕಿಕೊಳ್ಳುವುದಿಲ್ಲ?” ಎಂದು ಕೇಳಿಸಿದೆ. ಆತ ಗಟ್ಟಿಯಾಗಿ ನಕ್ಕು ಉತ್ತರಿಸಿದ. “ಕಿವಿ ಮುಚ್ಚಿಕೊಂಡರೆ ಎಂಜಿನ್ನಿನ ಕಾಯಿಲೆ ತನಗೆ ತಿಳಿಯುವುದು ಹೇಗೆ ಎನ್ನುತ್ತಾನೆ” ಎಂದ ಹುಡುಗ. ಅಪ್ಪಯ್ಯನೂ ಅದನ್ನೇ ಹೇಳುತ್ತಿದ್ದರು. ಎಂಜಿನ್ನಿನ ಉಸಿರಿನಲ್ಲಿ ಒಂದು ಸಣ್ಣ ವ್ಯತ್ಯಾಸವಾದರೂ ಅವರಿಗೆ ಗೊತ್ತಾಗುತ್ತಿತ್ತು. ಮಗನ ಮಾತು ಕೇಳುತ್ತಿರಲಿಲ್ಲ.

ನನ್ನ ಅಪ್ಪನೂ ಎಂಜಿನ್ ನಡೆಸುತ್ತಿದ್ದರೆಂದು, ಕೊನೆಗಾಲದಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲವೆಂದು ತಿಳಿಸಿದೆ. ಆತನ ನಗು ನಿಂತಿತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ರಕ್ಷೆಯನ್ನು ಕುತ್ತಿಗೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಅದನ್ನು ಹಾಕಿಕೊಂಡನೋ ಇಲ್ಲವೋ, ನಾನು ನೋಡಲಿಲ್ಲ.

ನದಿಯ ಹಡಗಿನಲ್ಲಿ ಯಾವ ಕೋಣೆ ಒಳ್ಳೆಯದೆಂದು ಈಗ ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಎಂಜಿನ್ ಇರುವ ಹಿಂಬದಿಯಿಂದ ದೂರ, ಹಡಗಿನ ನಡುವಿಗೋ ಮುಂದಕ್ಕೋ ಇರಲಿ. ಮೇಲಿನ ಅಂತಸ್ತಾದರೆ ಒಳ್ಳೆಯದು. ಆದರೆ ತಾರಸಿಗೆ ತೀರ ಕೆಳಗಿನದು ಬೇಡ, ಬೆಳಗಾಗುವ ಮೊದಲೇ ಅಲ್ಲಿ ಕುರ್ಚಿಗಳನ್ನು ಎಳೆದಾಡುತ್ತಾರೆ. ನಿಂತಾಗಲೂ ಸದ್ದಿರುತ್ತದೆಂಬುದನ್ನು ಮರೆಯಬಾರದು. ಇಷ್ಟು ತಿಳಿದವನಿಗೆ ನಿದ್ರೆಗೆ ತೊಂದರೆಯಿಲ್ಲ.

ಕೆಲಸ ಬಿಟ್ಟ ಮೇಲೆ ಅಪ್ಪಯ್ಯ ರಾತ್ರಿಗಳಲ್ಲಿ ಎದ್ದು ಜಗಲಿಯಲ್ಲಿ ಕುಳಿತಿರುತ್ತಿದ್ದರು. ಏಕೆಂದು ಅಮ್ಮ ಕೇಳಿದರೆ, “ಕಿವಿಯೊಳಗೆ ಎಂಜಿನ್ ಇನ್ನೂ ಓಡುತ್ತಿದೆ” ಎನ್ನುತ್ತಿದ್ದರು. ಗಿರಣಿ ನಿಂತು ಎಷ್ಟೋ ಹೊತ್ತಾಗಿರುತ್ತಿತ್ತು, ಊರೆಲ್ಲ ನಿಶ್ಶಬ್ದವಾಗಿರುತ್ತಿತ್ತು. ನನಗೆ ಬೇಡವಾದ ಸದ್ದಿನಿಂದ ನಾನು ಮೇಲಿನ ಕೋಣೆಗೆ ಹೋದೆ. ಅಪ್ಪಯ್ಯನಿಗೆ ಹೋಗಲು ಬೇರೆ ಕೋಣೆ ಇರಲಿಲ್ಲ.